ಬುತ್ತಿಯವರ ಮುತ್ತಜ್ಜ

“ಗುರುಗಳೇ, ನಮ್ಮ ಅಡ್ಡಹೆಸರಿನಲ್ಲಿ ಏಳು ಜನ ದೊಡ್ಡವರು ಆಗಿಹೋಗಿದ್ದಾರೆ. ಏಳೂ ಜನರ ಚರಿತ್ರೆಯನ್ನು ಚಿಕ್ಕದಾಗಿ ಬರೆದು ತಂದಿದ್ದೇನೆ. ಇವರಲ್ಲಿ ಯಾರನ್ನು ನನ್ನ ಪೂರ್ವಜರೆಂದು ಹೇಳಿಕೊಳ್ಳಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಹೊತ್ತಗೆಯನ್ನು ಕೈಯಲ್ಲಿ ತೂಗಿ ನೋಡಿ ನಕ್ಕರು. “ಭಾರವಾಗಿದೆಯಪ್ಪಾ, ಕೆಳಗಿಡೋಣ” ಎಂದು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿ. ಅಡ್ಡಹೆಸರು ಬುತ್ತಿ. ಮಗಳಿಗೆ ದೂರದೂರಿನ ಸಂಬಂಧ ಕೂಡಿಬಂದಿತ್ತು. ಹುಡುಗಿಗೆ ಹುಡುಗ ತುಂಬ ಮೆಚ್ಚಿಗೆಯಾಗಿದ್ದ. ಅವರೂ ಬುತ್ತಿಯವರೇ, ಆದರೆ ಬೆಡಗು ಬೇರೆ. ಬೆಡಗು ಒಂದೇ ಆದರೆ ಎಲ್ಲರೂ ಒಬ್ಬ ಮೂಲಪುರುಷನ ಮಕ್ಕಳು, ಅವರೊಳಗೆ ಮದುವೆ ಕೂಡದು. ಇಲ್ಲಿ ಆ ತೊಡಕಿರಲಿಲ್ಲ.

ನಿಶ್ಚಯದ ದಿನ ಹೆಳವ ಬಂದ. ಹೆಳವನೆಂದರೆ ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವವನು. ವ್ಯಾಪಾರಿ ಅವನನ್ನು ಪಕ್ಕಕ್ಕೆ ಕರೆದ. ವ್ಯಾಪಾರಿಯ ಮುತ್ತಜ್ಜ ದುಂಡಪ್ಪ, ಬಾವಿ ತೋಡುವವರಿಗೆ ಬುತ್ತಿ ಒಯ್ಯುವಾಗ ದಾರಿಯಲ್ಲೇ ಅರ್ಧ ತಿಂದು, ಸಿಕ್ಕಿಬಿದ್ದು, ತಪ್ಪಿಗೆಂದು ಉಳಿದ ಬಾವಿಯನ್ನು ತಾನೊಬ್ಬನೇ ತೋಡಿದವನು. ಬೀಗರ ಮುಂದೆ ಈ ಕತೆ ಬಂದರೆ ಮಾನ ಹೋಗುತ್ತದೆಂದು ವ್ಯಾಪಾರಿಗೆ ಭಯ.

“ದುಂಡಪ್ಪನ ಸುದ್ದಿ ಬ್ಯಾಡ. ಕೋಟಿ ಕಾದ ಬುತ್ತಿ ಗೂಳಪ್ಪ, ಕೆರಿ ಕಟ್ಟಿಸಿದ ಬುತ್ತಿ ನೀಲವ್ವ, ಇವರನ್ನ ನಮ್ಮ ಮನಿಗೆ ಸೇರಿಸಿ ಹೇಳು. ಒಂದು ಎತ್ತು ಕೊಡ್ತೀನಿ.”

“ಅವರು ನಿಮ್ಮವರಲ್ಲರಿ, ಸಾವ್ಕಾರ್ರ.”

“ಅಡ್ಡಹೆಸರು ಒಂದ ಐತಲ್ಲ? ಹೇಳಿದ್ರ ನಿನ್ನ ಗಂಟೇನ್ ಹೋಗ್ತೈತಿ?”

ಹೆಳವ ಎತ್ತನ್ನು ನೋಡಿದ, ವ್ಯಾಪಾರಿಯನ್ನು ನೋಡಿದ, ಮೀಸೆಯಲ್ಲೇ ನಕ್ಕು ಒಪ್ಪಿದ.

ಬೀಗರು ಬಂದು ಕುಳಿತು ನೀರು ಕುಡಿದರು. ಹೆಳವ ದನಿ ಎತ್ತಿದ. ಗೂಳಪ್ಪ ಆರು ತಿಂಗಳು ಕೋಟೆಯ ಬಾಗಿಲು ಬಿಟ್ಟು ಕದಲಲಿಲ್ಲ. ಅವನ ತಂಗಿ ನೀಲವ್ವ ಮೈಮೇಲಿನ ಚಿನ್ನ ಮಾರಿ ಮೂರು ಊರಿಗೆ ನೀರು ಕೊಟ್ಟಳು. ಇಂಥವರ ಕುಡಿ ಈ ವ್ಯಾಪಾರಿ. ವ್ಯಾಪಾರಿ ಮೀಸೆ ತಿರುವುತ್ತ ಕುಳಿತಿದ್ದ. ಹುಡುಗನ ತಂದೆ ಮಾತ್ರ ತಟ್ಟನೆ ಎದ್ದು ನಿಂತ.

“ಗೂಳಪ್ಪ ನಮ್ಮ ಮೂಲಪುರುಷ! ನೀವೂ ಅವನ ಕುಡಿ ಆದ್ರ ನಮ್ಮ ಹುಡುಗ, ನಿಮ್ಮ ಹುಡುಗಿ ಅಣ್ಣ-ತಂಗಿ ಆದ್ರಲ್ಲರಿ! ನಾವು ಹೊಂಟ್ವಿ.”

ಒಳಗೆ ಹುಡುಗಿ ಅಳತೊಡಗಿದಳು. ಅದು ಕಿವಿಗೆ ಬಿದ್ದದ್ದೇ ತಡ, ವ್ಯಾಪಾರಿ ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದ.

“ಅಲ್ಲರಿ, ಅಲ್ಲ! ನಾವು ದುಂಡಪ್ಪನ ಮಂದಿ! ಬುತ್ತಿ ತಿಂದು ಸಿಕ್ಕಿಬಿದ್ದ ದುಂಡಪ್ಪ!”

ಇಡೀ ಕತೆಯನ್ನು ಅವನೇ ಹೇಳಿದ, ಒಂದು ತುತ್ತನ್ನೂ ಬಿಡದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಡುಗನ ತಂದೆ ಕಣ್ಣೊರೆಸಿಕೊಳ್ಳುತ್ತ, ಈಗ ಕುಡಿದದ್ದು ಆ ಬಾವಿಯ ನೀರೇ ಏನು ಎಂದು ಕೇಳಿದ. ಹೌದೆಂದರು. ಇನ್ನೊಂದು ಚೊಂಬು ತರಿಸಿ ಗಟಗಟ ಕುಡಿದು, ವೀಳ್ಯ ಕೈಗೆತ್ತಿಕೊಂಡ. ಹೆಳವ ತನ್ನ ಹೊಸ ಎತ್ತನ್ನು ಬಿಚ್ಚಿಕೊಂಡು ಹೊರಟ.

ಶಿಷ್ಯ ಬಿದ್ದು ಬಿದ್ದು ನಗುತ್ತಿದ್ದ. ಗುರುಗಳು ಹೊತ್ತಗೆಯನ್ನು ಅವನ ಮಡಿಲಿಗಿಟ್ಟು ಕೇಳಿದರು:

“ಅದಿರಲಿ, ನಿನ್ನ ಮುತ್ತಜ್ಜನ ಹೆಸರೇನಪ್ಪಾ?”

ಶಿಷ್ಯ ಹೊತ್ತಗೆಯ ಹಾಳೆಗಳನ್ನೆಲ್ಲ ತಿರುವಿ ಹುಡುಕಿದ; ಆ ಹೆಸರೊಂದು ಅದರಲ್ಲಿರಲಿಲ್ಲ.