ತಾಳಿ ಸುಟ್ಟ ದಿಬ್ಬ

ಕಪ್ಪತಗುಡ್ಡದ ಬಡಗಣ ತಪ್ಪಲಲ್ಲಿ, ಜಾಲಗೇರಿಯಿಂದ ಹಳ್ಳ ದಾಟಿ ಒಂದು ಕೂಗಳತೆ ನಡೆದರೆ ಬೋಳು ದಿಬ್ಬವೊಂದು ಸಿಗುತ್ತದೆ. ಮರವಿಲ್ಲ, ಗುಡಿಯಿಲ್ಲ, ಗಾಳಿಯೊಂದು ಸದಾ ಉಂಟು. ನೆತ್ತಿಯ ಮೇಲೆ ಆರು ಕಲ್ಲಿನ ಒಲೆಗಳು ಸಾಲಾಗಿವೆ; ಪ್ರತಿಯೊಂದಕ್ಕೂ ಮೂರು ಬದಿಗೆ ಎದೆಮಟ್ಟದ ಗೋಡೆ, ನಾಲ್ಕನೆಯ ಬದಿ ಗಾಳಿ ಬರುವ ಪಡುವಣಕ್ಕೆ ತೆರೆದಿದೆ. ಹೆಸರು ತಾಳಿ ಸುಟ್ಟ ದಿಬ್ಬ. ಹೊರಗಿನವರು ಇದನ್ನು ಕೇಳಿದೊಡನೆ, ಯಾರೋ ಹೆಣ್ಣುಮಗಳು ಇಲ್ಲಿ ಗಂಡನ ಚಿತೆ ಏರಿರಬೇಕೆಂದು ಮರುಗುತ್ತಾರೆ. ಮರುಗುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹಿಂದೆ ಒಮ್ಮೆ, ಇಂಗ್ಲಿಷರ ಕಾಲದಲ್ಲಿ, ಚಿನ್ನ ಹುಡುಕುವ ತಂಡವೊಂದು ಕೋಲಾರದ ಕಡೆಯಿಂದ ಹೊರಟು ಈ ಬಡಗಣ ಸೀಮೆಗೆ ಬಂದು ಡೇರೆ ಹಾಕಿತಂತೆ. ಅದರ ಜೊತೆಗೆ ಬಂದಿದ್ದ ಡಾಕ್ಟರ ರಷ್ಯಾ ದೇಶದವನು, ಹೆಸರು ಸವೇಲೆವ್. ನದಿಗಳೇ ಹೆಪ್ಪುಗಟ್ಟುವ ತನ್ನ ದೇಶದ ಉತ್ತರದ ತುದಿಯಲ್ಲಿಯೂ ಚಿನ್ನ ಹುಡುಕುವವರ ಜೊತೆ ಅಲೆದವನು. ಕೋಲಾರದಲ್ಲಿ ಎರಡು ವರ್ಷವಿದ್ದು ಮುರುಕು ಕನ್ನಡ ಕಲಿತಿದ್ದ. ಜನ ಅವನನ್ನು ರೂಸಿ ಡಾಕ್ಟರ ಎನ್ನುತ್ತಿದ್ದರು.

ಜಾಲಗೇರಿಯವರ ಕಸುಬು ಹಳ್ಳದ ಮರಳಿನಿಂದ ಬಂಗಾರ ತೆಗೆಯುವುದು; ಅದಕ್ಕೇ ಅವರಿಗೆ ಜಾಲಗಾರರೆಂದು ಹೆಸರು. ಮರಳನ್ನು ಮರದ ಮರಿಗೆಯಲ್ಲಿ ತೊಳೆದು, ಉಳಿದ ಕಪ್ಪು ಹುಡಿಗೆ ಪಾದರಸ ಕಲಸಿದರೆ ಅದು ಬಂಗಾರದ ಕಣಗಳನ್ನು ಹಿಡಿದುಕೊಂಡು ಉಂಡೆಯಾಗುತ್ತದೆ. ಉಂಡೆಯನ್ನು ಸುಟ್ಟರೆ ಪಾದರಸ ಹೊಗೆಯಾಗಿ ಹೋಗಿ ಬಂಗಾರ ಉಳಿಯುತ್ತದೆ. ಸುಡುವುದು ಮಾತ್ರ ಗುಡಿಸಲೊಳಗೆ, ಕದ ಹಾಕಿಕೊಂಡು. ಯಾರಿಗೆ ಎಷ್ಟು ಸಿಕ್ಕಿತೆಂಬುದು ನೆರೆಯವರ ಕಣ್ಣಿಗೆ ಬೀಳಬಾರದು. ಅವರಿಗೆ ಪಾದರಸ ಮಾರುತ್ತಿದ್ದವರು ನಮ್ಮ ಮುತ್ತಜ್ಜ ಬಸಲಿಂಗಪ್ಪನವರು.

ಆ ವರ್ಷ ಜಾಲಗಾರ ಫಕ್ಕೀರಪ್ಪನಿಗೆ ಕೈನಡುಕ ಹತ್ತಿತು. ವಸಡು ಊದಿ ಹಲ್ಲು ಅಲುಗಾಡತೊಡಗಿದವು, ಮರಿಗೆ ಹಿಡಿಯಲು ಬಾರದಾಯಿತು. ಅದೇ ಹೊತ್ತಿಗೆ ಅವನ ಹೆಂಡತಿ ಗುತ್ತೆವ್ವನ ಕೊರಳ ತಾಳಿ ಬೆಳ್ಳಗಾಯಿತು. ಬಂಗಾರ ತೆಗೆಯುವವರ ಕೊರಳಲ್ಲಿ ಬಂಗಾರವಿರುವುದು ಅಪರೂಪ. ಕೇರಿಯಲ್ಲಿ ಬಂಗಾರದ ತಾಳಿ ಇದ್ದದ್ದು ಅವಳೊಬ್ಬಳಿಗೇ. ಉಳಿದವರದು ಬರೀ ಕರಿಮಣಿ. ಹಾಗಾಗಿ ಬೆಳ್ಳಗಾದದ್ದೂ ಅವಳದೊಂದೇ. ಅತ್ತೆ ನೀಲವ್ವ ತೀರ್ಮಾನ ಮಾಡಿಯೇಬಿಟ್ಟಳು: "ತಾಳಿ ಬೆಳ್ಳಗಾದಾಕಿ ಮನ್ಯಾಗಿದ್ರ ನನ್ನ ಮಗ ಉಳಿಯಂಗಿಲ್ಲ. ಸೋಮಾರ ಈಕಿ ತವರಿಗೆ ಹೋಗಲಿ."

ಸುದ್ದಿ ತಿಳಿದು ಭಾನುವಾರ ರೂಸಿ ಡಾಕ್ಟರ ಬಂದ. ಫಕ್ಕೀರಪ್ಪನ ಕೈ ನೋಡಿದ, ವಸಡು ನೋಡಿದ, ಕೊನೆಗೆ ಗುತ್ತೆವ್ವನ ತಾಳಿ ನೋಡಿ, ಎಲ್ಲಿ ಸುಡುತ್ತೀರಿ ಎಂದು ಕೇಳಿದ. ತೋರಿಸಿದರು. "ನಮ್ಮ ದೇಶದಲ್ಲಿ ಚಳಿಗೆ ಬಾಗಿಲು ಮುಚ್ಚುತ್ತಾರೆ, ನೀವು ನೆರೆಯವರ ಕಣ್ಣಿಗೆ ಮುಚ್ಚುತ್ತೀರಿ. ಹೊಗೆ ಒಂದೇ. ಕೈ ನಡುಗಿಸಿದ್ದೂ ತಾಳಿ ಬೆಳ್ಳಗೆ ಮಾಡಿದ್ದೂ ಅದೇ" ಎಂದನಂತೆ. ನೀಲವ್ವ ಒಪ್ಪಲಿಲ್ಲ. ಆಗ ಅವನು ಬಸಲಿಂಗಪ್ಪನವರನ್ನು ಕರೆಸಿ, ಅವರ ಬೆರಳಿನ ಬಂಗಾರದ ಉಂಗುರ ಕೇಳಿದ. ಕೆಟ್ಟರೆ ಯಾರು ಹೊಣೆ ಎಂದು ಕೇಳಿಯೇ ಅವರು ಬಿಚ್ಚಿ ಕೊಟ್ಟದ್ದು. ಡಾಕ್ಟರ ಉಂಗುರವನ್ನು ಗುಡಿಸಲ ಗಳುವಿಗೆ ತೂಗುಹಾಕಿ, ಒಲೆಯ ಮೇಲೆ ಉಂಡೆಯಿಟ್ಟು, ಎಲ್ಲರನ್ನೂ ಹೊರಗಟ್ಟಿ ಕದ ಎಳೆದ. ಬಹಳ ಹೊತ್ತಿನ ಮೇಲೆ ತೆಗೆದು ನೋಡಿದರೆ ಉಂಗುರ ಕಲಾಯಿ ಹಾಕಿದಂತೆ ಬೆಳ್ಳಗಿತ್ತು.

"ಏನವ್ವಾ ನೀಲವ್ವಾ, ನನ್ನ ಉಂಗುರಕ್ಕೂ ನಿನ್ನ ಸೊಸೀ ಕಾಲ್ಗುಣ ತಟ್ಟಿತೇನು?" ಎಂದರು ಬಸಲಿಂಗಪ್ಪನವರು. ಕೇರಿ ನಕ್ಕಿತು. ನೀಲವ್ವ ನಗಲಿಲ್ಲ: "ಬೆಳ್ಳಗಾಗಿದ್ದು ಕಂಡೆ ಸಾವಕಾರ್ರ. ತಿರುಗಿ ಹಳದಿ ಆಗೂದು ಕಾಣಲಿ."

ಗಾಳಿ ಬೀಸುವ ದಿಬ್ಬದ ಮೇಲೆ ಕೆಂಡ ಮಾಡಿ, ಗಾಳಿಗೆ ಬೆನ್ನು ಕೊಟ್ಟು ಕೂತು ಉಂಗುರ ಕಾಯಿಸಿದರು. ಹಳದಿ ಬಣ್ಣ ಮರಳಿತು. ಇನ್ನು ತಾಳಿಯ ಸರದಿ. ಗಂಡ ಬದುಕಿರುವಾಗ ಅದನ್ನು ಕೊರಳಿನಿಂದ ತೆಗೆಯುವುದೆಂತು ಎಂದು ಗುಜುಗುಜು ಎದ್ದಿತು. "ಅಕ್ಕಸಾಲಿ ಕಡೆ ಕೊಡೂ ಮುಂದ ಬಿಚ್ಚೂದಿಲ್ಲೇನು? ಇದರ ಬದಲಿ ಅರಿಷಿಣ ಕೊಂಬು ಕಟಗೊಂತೀನಿ, ಇದನ್ನ ಕೆಂಡಕ್ಕ ಹಾಕ್ರಿ" ಎಂದು ಗುತ್ತೆವ್ವನೇ ಬಿಚ್ಚಿ ಕೊಟ್ಟಳು. ಕಾದ ತಾಳಿಯನ್ನು ಹುಣಸೆಹುಳಿಯಿಂದ ಉಜ್ಜಿದಾಗ ಮೊದಲಿನ ಬಂಗಾರವೇ ಕಾಣಿಸಿತು. ಫಕ್ಕೀರಪ್ಪ ತಿರುಗಿ ಕಟ್ಟಿದ. ಆ ನಡುಗುವ ಕೈಗೆ ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು. ಯಾರೂ ನಡುವೆ ಕೈ ಹಾಕಲಿಲ್ಲ. ಸೋಮವಾರ ಗುತ್ತೆವ್ವ ತವರಿಗೆ ಹೋಗಲಿಲ್ಲ.

ಆದರೆ ಬಯಲಲ್ಲಿ ಬಂಗಾರ ಸುಡಲು ಯಾವ ಜಾಲಗಾರ ಒಪ್ಪುತ್ತಾನೆ? ಅದಕ್ಕೆ ದಾರಿ ಮಾಡಿದವರು ಬಸಲಿಂಗಪ್ಪನವರು. ದಿಬ್ಬದ ಮೇಲೆ ಒಲೆ ಹೂಡಿಸಿ, ಅವಕ್ಕೆ ಗೋಡೆ ಕಟ್ಟಿಸಿದರು. ಒಬ್ಬ ಸುಡುವಾಗ ಇನ್ನೊಬ್ಬ ಆ ಕಡೆ ನೋಡಿದರೆ ಅವನಿಗೆ ತಮ್ಮ ಅಂಗಡಿಯ ಪಾದರಸವಿಲ್ಲ ಎಂದು ಸಾರಿದರು. ಸುತ್ತಿನಲ್ಲಿ ಬೇರೆ ಅಂಗಡಿ ಇರಲಿಲ್ಲ, ಮಾತು ನಡೆಯಿತು. ಗಿರಾಕಿಗಳೇ ಸತ್ತರೆ ಮಾರುವುದು ಯಾರಿಗೆ ಎಂಬುದು ಅವರಿಗೂ ಗೊತ್ತಿತ್ತು. ಫಕ್ಕೀರಪ್ಪನ ನಡುಕ ಪೂರಾ ಹೋಗಲಿಲ್ಲ. ತನ್ನ ಕೈಯಿಂದ ಉಣ್ಣುವಷ್ಟು ಸುಧಾರಿಸಿತು. ಮರಿಗೆಯನ್ನು ಗುತ್ತೆವ್ವ ಹಿಡಿದಳು. ಅವಳು ಮುತ್ತೈದೆಯಾಗಿಯೇ ತೀರಿಕೊಂಡಳು ಎನ್ನುತ್ತಾರೆ. ಚಿನ್ನದ ತಂಡದವರಿಗೆ ಇಲ್ಲಿ ಗಿಟ್ಟುವಷ್ಟು ಸಿಗಲಿಲ್ಲ; ಡೇರೆ ಕಿತ್ತರು, ಡಾಕ್ಟರನೂ ಹೋದ.

ಈಗ ಅಲ್ಲಿ ಯಾರೂ ಬಂಗಾರ ಸುಡುವುದಿಲ್ಲ. ಆದರೂ ಜಾಲಗೇರಿಯವರು ಆ ಒಲೆಗಳ ಮುಂದೆ ಹಾಯುವಾಗ ಮುಖ ತಿರುಗಿಸಿಕೊಂಡೇ ಹೋಗುತ್ತಾರೆ. ತುದಿಯ ಒಲೆಯಲ್ಲಿ ಒಣಗಿದ ಅರಿಷಿಣ ಕೊಂಬುಗಳಿರುತ್ತವೆ. ತಾಳಿಯನ್ನು ಅಕ್ಕಸಾಲಿಗನಿಗೆ ಕೊಟ್ಟು ಸರಿಮಾಡಿಸಿಕೊಂಡ ಹೆಂಗಸರು, ಅಷ್ಟು ದಿನ ಕೊರಳಲ್ಲಿದ್ದ ಕೊಂಬನ್ನು ಬಿಚ್ಚಿ ಇಲ್ಲಿ ತಂದಿಡುತ್ತಾರೆ.