ಬಿರುಕು ಬಿಟ್ಟ ರೆಕ್ಕೆ ಮತ್ತು ಮೂವರು ಪಾಲುದಾರರು

ವಿಮಾನ ಸುರಕ್ಷತೆಯ ಸಂಶೋಧನೆಗೆಂದು ಮೂವರು ಕೈಜೋಡಿಸಿದ್ದರು: ಸರ್ಕಾರದ ಮೊಹರು, ವಿಶ್ವವಿದ್ಯಾಲಯದ ಸೂಕ್ಷ್ಮದರ್ಶಕ, ಕಾರ್ಖಾನೆಯ ಬಣ್ಣದ ಬ್ರಷ್ಷು. ಪರೀಕ್ಷೆಗೆ ಬಂದ ವಿಮಾನದ ರೆಕ್ಕೆಯೊಂದು ಅವರೆದುರು ಗೋಳಿಟ್ಟಿತು: "ಸ್ವಾಮಿ, ನನ್ನ ಬುಡ ಬಿರುಕು ಬಿಟ್ಟಿದೆ. ಮಕ್ಕಳು ಮರಿ ಕಟ್ಟಿಕೊಂಡು ಜನ ನನ್ನನ್ನು ನಂಬಿ ವಿಮಾನ ಹತ್ತುತ್ತಾರೆ."

"ಬಿರುಕನ್ನು ನಾನು ಆಗಲೇ ನೋಡಿದೆ," ಎಂದಿತು ಸೂಕ್ಷ್ಮದರ್ಶಕ. "ಆದರೆ ಪಾಲುದಾರರ ಮನಸ್ಸು ನೋಯುವಂತೆ ಮಾತಾಡಲಾರೆ. ಹೆಚ್ಚಿನ ಅಧ್ಯಯನ ಬೇಕು ಅನ್ನುತ್ತೇನೆ."

"ಅಲ್ಲಿಯವರೆಗೆ ಮುಚ್ಚಿಡುತ್ತೇನೆ," ಎನ್ನುತ್ತಾ ಬ್ರಷ್ಷು ಬಿರುಕಿನ ಮೇಲೆ ದಪ್ಪಗೆ ಬಣ್ಣ ಬಳಿಯಿತು.

"ನಾಚಿಕೆಯಾಗುವುದಿಲ್ಲವೇ ನಿಮಗೆ? ಹಾರಬೇಕಾದದ್ದು ಬಣ್ಣವಲ್ಲ, ನಾನು!" ಎಂದು ರೆಕ್ಕೆ ಕಿರುಚಿತು.

"ಅವರಿಬ್ಬರೂ ಒಪ್ಪಿದ ಮೇಲೆ ನನ್ನದೇನು ತಕರಾರು?" ಎಂದು ಮೊಹರು ಮೇಲೆದ್ದು, 'ಸುರಕ್ಷಿತ' ಎಂಬ ಮುದ್ರೆಯನ್ನು ಹಸಿ ಬಣ್ಣದ ಮೇಲೆ ದಬಕ್ಕನೆ ಒತ್ತಿತು. ಆ ಒಂದೇ ಪೆಟ್ಟಿಗೆ ರೆಕ್ಕೆ ಎರಡು ತುಂಡಾಗಿ ನೆಲಕ್ಕೆ ಬಿತ್ತು.

"ಈಗಲಾದರೂ ಕಣ್ಣು ತೆರೆಯಿತೇ?" ಎಂದಿತು ರೆಕ್ಕೆ, ಬಿದ್ದಲ್ಲಿಂದಲೇ.

ಸೂಕ್ಷ್ಮದರ್ಶಕ ಮುರಿದ ತುಂಡುಗಳತ್ತ ಬಾಗಿ ನೋಡಿ ಹೇಳಿತು: "ಮೊಹರು ತೀರಾ ಭಾರವಾಯಿತು. ಹಗುರವಾದ ಮೊಹರು ಮಾಡುವುದು ಹೇಗೆಂದು ಕೂಡಿ ಸಂಶೋಧಿಸೋಣ."

ಮಿಕ್ಕಿಬ್ಬರೂ ತಕ್ಷಣ ಒಪ್ಪಿದರು. ಬ್ರಷ್ಷು ಆಗಲೇ ಮುಂದಿನ ರೆಕ್ಕೆಯತ್ತ ಹೊರಟಿತ್ತು.