ಬಾಗಿಲ ಮೇಲಿನ ಲೋಳೆಸರ

ನಂಬೋದಿಲ್ಲ ಅಂತೀರಾ? ನಂಬಬೇಡಿ, ನನಗೇನು! ಆದರೆ ನಮ್ಮೂರಲ್ಲಿ ಮುರಿದು ಬೀಳಲಿದ್ದ ಮದುವೆಯನ್ನು ಉಳಿಸಿದ್ದು ಒಂದೇ ಒಂದು ಲೋಳೆಸರದ ಎಲೆ. ಸುಳ್ಳು ಅನ್ನುವವರು ಪೂರ್ತಿ ಕೇಳಿ, ಆಮೇಲೆ ಬಾಯಿ ತೆರೆಯಿರಿ.

ಹಾಲೇಶ ನಮ್ಮೂರ ಕ್ಷೌರದವನು. ಅವನ ಕೈಗೆ ಸುತ್ತ ಏಳು ಹಳ್ಳಿಯಲ್ಲಿ ಸಾಟಿ ಇರಲಿಲ್ಲ. ಅದನ್ನು ಏಳೂ ಹಳ್ಳಿಗೆ ಅವನೇ ಹೇಳಿ ಬಂದಿದ್ದ. ಊರ ದೊಡ್ಡಮನೆಯ ಮದುಮಗಂದಿರಿಗೆ ಕ್ಷೌರದ ಕತ್ತಿ ಹಿಡಿಯುವ ಹಕ್ಕು ಮುತ್ತಜ್ಜನ ಕಾಲದಿಂದ ಅವನ ಮನೆಯದೇ.

ಆ ಮನೆಯ ತಿಪ್ಪೇಶನ ಮದುವೆ. ಬೆಳಿಗ್ಗೆ ಹಾಲೇಶ ಅವನ ಕೆನ್ನೆಯನ್ನು ಬೆಣ್ಣೆಯ ಹಾಗೆ ಮಾಡಿ, "ಇನ್ನು ಮುಟ್ಟಬೇಡಪ್ಪ" ಅಂದು ಎದ್ದ. ಮದುಮಗ ಕೇಳಬೇಕಲ್ಲ! ಫೋಟೋದಲ್ಲಿ ಇನ್ನೂ ಮಿಂಚಬೇಕೆಂದು ಒಳಗೆ ಹೋದ. ನೀರಿಲ್ಲ, ಸೋಪಿಲ್ಲ, ಒಣ ಮುಖದ ಮೇಲೆ ರೇಜರನ್ನು ಕೆಳಗಿಂದ ಮೇಲಕ್ಕೆ ಎಳೆದ. ಮೇಲಿಂದ ಘಮಘಮ ಲೋಷನ್ ಬೇರೆ. ಹೊರಗೆ ಬಂದಾಗ ಅವನ ಮುಖ ಖಾರ ಅರೆದ ಕಲ್ಲಿನ ಹಾಗಿತ್ತು.

ಮುಹೂರ್ತಕ್ಕೆ ಒಂದೇ ಗಂಟೆ. ಹೆಣ್ಣಿನ ಕಡೆಯವರಲ್ಲಿ ಗುಸುಗುಸು ಶುರುವಾಯಿತು. "ಹುಡುಗನಿಗೆ ಚರ್ಮದ ಕಾಯಿಲೆ ಇದೆ ಕಣ್ರೀ, ಮುಚ್ಚಿಟ್ಟಿದ್ದಾರೆ. ಈ ಸಂಬಂಧವೇ ಬೇಡ, ಎದ್ದು ಹೋಗೋಣ."

ಮದುಮಗನ ಸೋದರಮಾವ ಓಂಕಾರಪ್ಪ ಓಡಿ ಬಂದು ಕೆನ್ನೆಗೆ ನಿಂಬೆಹಣ್ಣು ಉಜ್ಜಿದ. ತಿಪ್ಪೇಶ ಚಪ್ಪರ ಮುಟ್ಟುವ ಹಾಗೆ ಹಾರಿದ! ಮಾವನ ಸಿಟ್ಟು ಹಾಲೇಶನ ಮೇಲೆ ತಿರುಗಿತು.

"ಏನೋ ಏಳು ಹಳ್ಳಿ ಹುಲಿ! ಮುಹೂರ್ತದೊಳಗೆ ಈ ಉರಿ ಆರದಿದ್ದರೆ, ಇನ್ನು ಈ ಹೊಸ್ತಿಲಿಗೆ ನಿನ್ನ ಕತ್ತಿ ಬರಕೂಡದು."

ಹಾಲೇಶ ಮದುಮಗನ ಕಡೆ ನೋಡಿದ. ಮದುಮಗ ನೆಲ ನೋಡಿದ. "ಯಾರು ಕೆರೆದದ್ದು ಅನ್ನೋದು ಆಮೇಲಾಗಲಿ" ಅಂದು ಹಾಲೇಶ ಕತ್ತೆತ್ತಿದ. ಬಾಗಿಲ ಮೇಲೆ, ಮೊನ್ನೆ ಅಮಾವಾಸ್ಯೆಗೆ ದೃಷ್ಟಿಗೆಂದು ತಲೆಕೆಳಗಾಗಿ ಕಟ್ಟಿದ್ದ ಲೋಳೆಸರ, ಇನ್ನೂ ದಪ್ಪಗೆ ಹಸಿರಾಗಿ ತೂಗುತ್ತಿತ್ತು.

"ಮುಟ್ಟಬೇಡ್ವೋ! ಕೆಟ್ಟ ಕಣ್ಣು ಬೀಳದಿರಲಿ ಅಂತ ಕಟ್ಟಿದ್ದು!" ಅಂತ ಮನೆಯ ಹಿರಿಯಳು ನಾಗಜ್ಜಿ ಕೂಗಿದಳು.

"ಅಜ್ಜೀ, ಕಣ್ಣು ಬಿದ್ದಿರೋದು ಬಾಗಿಲಿಗಲ್ಲ, ನಿಮ್ಮ ಮೊಮ್ಮಗನ ಕೆನ್ನೆಗೆ!"

ಓಂಕಾರಪ್ಪ ನಕ್ಕ. "ಹಿತ್ತಲ ಗಿಡ ಮದ್ದಲ್ಲ ಕಣೋ."

"ಹಿತ್ತಲದ್ದಲ್ಲ ಯಜಮಾನ್ರೇ, ಇದು ಹೆಬ್ಬಾಗಿಲದ್ದು!"

ಅಜ್ಜಿಗೂ ನಗು ಬಂತು. ತಲೆಯಾಡಿಸಿದಳು. ಹಾಲೇಶ ಒಂದು ಎಲೆ ಕೊಯ್ದ. ಓಂಕಾರಪ್ಪ ಅದನ್ನು ಕಿತ್ತುಕೊಂಡು ಹಾಗೇ ಉಜ್ಜಲು ಹೊರಟ. ಹಾಲೇಶ ಅವನ ಕೈ ಹಿಡಿದ.

"ಇದರ ಹಳದಿ ಹಾಲು ಮೊದಲು ಇಳೀಬೇಕು. ಅದು ತಾಗಿದರೆ ಉರಿಗೆ ಉರಿ ಸೇರುತ್ತೆ."

ಎಲೆಯನ್ನು ಕೊಯ್ದ ಕಡೆ ಕೆಳಗೆ ಮಾಡಿ ಲೋಟದಲ್ಲಿ ನಿಲ್ಲಿಸಿದ. ವಾಲಗದವರು ಆಗಲೇ ಶುರು ಹಚ್ಚಿಕೊಂಡಿದ್ದರು. "ಎಲೆ ಮೊಟ್ಟೆ ಇಡುತ್ತೇನೋ?" ಅಂತ ಯಾರೋ ಚುಚ್ಚಿದರು. ಹಾಲೇಶ ಜಗ್ಗಲಿಲ್ಲ. ಮಡಕೆಯ ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಮದುಮಗನ ಕೆನ್ನೆಗೆ ಒತ್ತಿ ಒತ್ತಿ ಇಟ್ಟ. ಹಳದಿ ಪೂರ್ತಿ ಇಳಿದ ಮೇಲೆ ಎಲೆ ತೊಳೆದು, ಸಿಪ್ಪೆ ಸೀಳಿ, ಒಳಗಿನ ಲೋಳೆಯನ್ನು ಮೊದಲು ಮದುಮಗನ ಮುಂಗೈಗೆ ಹಚ್ಚಿ ನೋಡಿದ. ಉರಿಯಲಿಲ್ಲ. ಆಮೇಲೆ ಕೆನ್ನೆಗೆ ತೆಳ್ಳಗೆ ಸವರಿದ, ಉಜ್ಜಲಿಲ್ಲ.

"ಅಯ್ಯಪ್ಪಾ... ತಣ್ಣಗಾಯ್ತು!" ಅಂದ ತಿಪ್ಪೇಶ. ಕೆಂಪು ಇಳಿಯತೊಡಗಿತು. ಮದುಮಗನಿಗೆ ಆಗ ಬಾಯಿ ಬಂತು. "ಮಾವಾ, ಹಾಲೇಶಂದು ತಪ್ಪಿಲ್ಲ. ಒಣ ಮುಖ ಕೆರಕೊಂಡವನು ನಾನೇ!"

ಗುಸುಗುಸು ಅಂದವರೇ ನಕ್ಕರು. ತಾಳಿ ಕಟ್ಟುವ ಹೊತ್ತಿಗೆ ಆ ಮುಖ, ನಿಮ್ಮಾಣೆ, ದೀಪದ ಹಾಗೆ ಬೆಳಗುತ್ತಿತ್ತು. ಓಂಕಾರಪ್ಪ ತಾನೇ ಕೈ ಹಿಡಿದು ಹಾಲೇಶನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದ.

ಊಟ ಮುಗಿಸಿ ಹೊರಟಾಗ ನಾಗಜ್ಜಿ ಅವನ ಕೈಗೆ ಒಂದು ವಸ್ತು ಇಟ್ಟಳು. ಬಾಗಿಲಿಂದ ಬಿಚ್ಚಿದ ಲೋಳೆಸರ, ಬೇರು ಸಮೇತ. "ನೆಟ್ಟುಕೋ ಮಗಾ, ನೇತುಹಾಕಬೇಡ" ಅಂದಳು.

ನೀತಿ: ಮದ್ದು ತಲೆಯ ಮೇಲೇ ತೂಗುತ್ತಿದ್ದರೂ ಕತ್ತೆತ್ತಿ ನೋಡಿದವನಿಗಷ್ಟೇ ಕಾಣುತ್ತದೆ, ಹಳದಿ ಇಳಿಯುವ ತನಕ ಕಾದವನಿಗಷ್ಟೇ ಫಲಿಸುತ್ತದೆ.